ಕೊಬ್ಬರಿ ಅಟ್ಟದಲ್ಲಿ ಹೊಸ ಆಲೋಚನೆ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ತೆಂಗಿನ ವಹಿವಾಟು ನಡೆಸುವವರಿಗೆ ಉಂಡೆ ಕೊಬ್ಬರಿಯ ಬಗ್ಗೆ ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು ಕಾದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದಾಗ ಸದ್ದು ಮಾಡುತ್ತದೆ. ಆ ಸದ್ದಿನಿಂದಲೇ ಕಾಯಿ ಪಕ್ವವಾಗಿದೆಯೇ, ಕೆಟ್ಟಿದೆಯೇ ಎಂದು ಹೇಳಬಲ್ಲವನು ಅಟ್ಟದ ಮೇಲೆ ಕೆಲಸ ಮಾಡುವ ಆಳು. ಯಾವ ಮೂಲೆಯಲ್ಲಿ ಗಾಳಿಯಾಡುವುದಿಲ್ಲ, ಮಳೆಗಾಲದಲ್ಲಿ ಎಲ್ಲಿ ತೇವ ಇಳಿಯುತ್ತದೆ, ಯಾವ ತೋಟದ ಕಾಯಿ ಹೆಚ್ಚು ಕೆಡುತ್ತದೆ ಎಂಬುದೂ ಆತನಿಗೆ ತಿಳಿದಿರುತ್ತದೆ. ಆದರೆ ಈ ವಿಷಯವನ್ನು ಆತನಲ್ಲಿ ಕೇಳುವವರು ವಿರಳ. ಕೇಳದೆ ಹೇಳುವ ಅಭ್ಯಾಸ ಆತನಿಗೂ ಇಲ್ಲ.

ಉದ್ಯೋಗ ಸ್ಥಳದಲ್ಲಿ ಸೃಜನಶೀಲ ಚಿಂತನೆ ಮತ್ತು ಸಮಸ್ಯೆಗಳನ್ನು ಬಿಡಿಸುವ ಕೌಶಲವನ್ನು ಬೆಳೆಸಬೇಕೆಂಬ ಮಾತು ಬಹಳ ದಿನಗಳಿಂದ ಕೇಳಿಬರುತ್ತಿದೆ. ಅದಕ್ಕಾಗಿ ಶಿಬಿರಗಳು ನಡೆಯುತ್ತವೆ, ಉಪನ್ಯಾಸಗಳು ಏರ್ಪಡುತ್ತವೆ. ಇವೆಲ್ಲ ದೊಡ್ಡ ಕಂಪನಿಗಳಿಗೆ ಸೇರಿದ ವಿಚಾರವೆಂದು ಸಣ್ಣ ಊರಿನ ವರ್ತಕರು ದೂರ ಉಳಿಯುವುದೇ ಹೆಚ್ಚು. ವಾಸ್ತವದಲ್ಲಿ ಕೊರತೆ ಇರುವುದು ಬುದ್ಧಿಯದಲ್ಲ. ಆ ಬುದ್ಧಿಗೆ ಅಂಗಡಿಯ ಲೆಕ್ಕಪುಸ್ತಕದಲ್ಲಿ ಒಂದು ಪುಟವಿಲ್ಲ, ಕೊರತೆ ಅದೇ.

ಬರೆಯದ ನಷ್ಟ

ಉದಾಹರಣೆಗೆ ಒಂದು ಲೆಕ್ಕವನ್ನು ನೋಡಬಹುದು. ಒಬ್ಬ ವರ್ತಕ ಒಂದು ಲಕ್ಷ ಕಾಯಿಗಳನ್ನು ಕಾಯಿಗೆ 20 ರೂಪಾಯಿಯಂತೆ ಕೊಂಡು ಅಟ್ಟಕ್ಕೆ ಹಾಕಿದನೆಂದು ಭಾವಿಸೋಣ. ತೊಡಗಿಸಿದ ಹಣ 20 ಲಕ್ಷ ರೂಪಾಯಿ. ಹತ್ತು ತಿಂಗಳು ಆ ಹಣ ಅಲ್ಲಿಯೇ ನಿಲ್ಲುತ್ತದೆ. ವರ್ಷಕ್ಕೆ ಶೇಕಡ 12ರ ಬಡ್ಡಿ ಎಂದರೂ 2 ಲಕ್ಷ ರೂಪಾಯಿ ಬಡ್ಡಿಯಾಯಿತು. ನೂರಕ್ಕೆ ನಾಲ್ಕು ಕಾಯಿ ಕೆಟ್ಟರೆ 4,000 ಕಾಯಿ, ಅಂದರೆ ಕೊಂಡ ಬೆಲೆಯಲ್ಲೇ 80,000 ರೂಪಾಯಿ. ಅದರ ಮೇಲಿನ ಬಡ್ಡಿ 8,000 ರೂಪಾಯಿ. ಒಟ್ಟು 88,000 ರೂಪಾಯಿ ನಷ್ಟ.

ಈ 88,000 ರೂಪಾಯಿ ಯಾವ ಖಾತೆಯಲ್ಲಿ ಕಾಣುತ್ತದೆ? ಬಹುತೇಕ ಅಂಗಡಿಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಖರೀದಿ ಬರೆದಿರುತ್ತದೆ, ಮಾರಾಟ ಬರೆದಿರುತ್ತದೆ. ನಡುವೆ ಹೋದದ್ದು ಲಾಭದಲ್ಲಿ ಕಡಿಮೆಯಾಗಿ ಕಾಣೆಯಾಗುತ್ತದೆ. ಯಜಮಾನನು ಅದನ್ನು ‘ಇದ್ದದ್ದೇ’ ಎಂದು ಒಪ್ಪಿಕೊಳ್ಳುತ್ತಾನೆ. ಕಣ್ಣಿಗೆ ಬೀಳದ ನಷ್ಟದ ಮೇಲೆ ಯಾರ ಬುದ್ಧಿಯೂ ಓಡುವುದಿಲ್ಲ. ಪ್ರತಿ ತಿಂಗಳು ಎಷ್ಟು ಕಾಯಿ ಕೆಟ್ಟಿತು, ಅಟ್ಟದ ಯಾವ ಭಾಗದಲ್ಲಿ ಕೆಟ್ಟಿತು, ಯಾವ ತೋಟದಿಂದ ಬಂದದ್ದು ಕೆಟ್ಟಿತು ಎಂದು ಒಂದು ಪುಟದಲ್ಲಿ ಬರೆದಿಟ್ಟರೆ, ಎರಡು ಹಂಗಾಮುಗಳೊಳಗೆ ಆ ಪುಟವೇ ಪ್ರಶ್ನೆ ಕೇಳತೊಡಗುತ್ತದೆ. ನಾಲ್ಕು ಮೂರಕ್ಕೆ ಇಳಿದರೂ ಉಳಿಯುವುದು 22,000 ರೂಪಾಯಿ. ಸೃಜನಶೀಲತೆಯ ಮೊದಲ ಮೆಟ್ಟಿಲು ಕಲ್ಪನೆಯಲ್ಲ, ದಾಖಲೆ.

ಪ್ರಶ್ನೆಯನ್ನು ಸರಿಯಾಗಿ ಕೇಳುವುದು

ದಾಖಲೆಯ ನಂತರ ಬರುವುದು ಪ್ರಶ್ನೆಯನ್ನು ರೂಪಿಸುವ ಕೆಲಸ. ತೆಂಗಿನ ಉದ್ಯಮದಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಹೊಂಬಾಳೆಯಿಂದ ಇಳಿಯುವ ನೀರಾ ಬಹು ಬೇಗ ಹುಳಿಯುತ್ತದೆ. ಹುಳಿಯದಂತೆ ಮಡಕೆಗೆ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಹುಳಿಯತೊಡಗಿದ ರಸವನ್ನು ಸರಿಪಡಿಸುವುದು ಹೇಗೆ ಎಂದು ಕೇಳುತ್ತ ಕುಳಿತಿದ್ದರೆ ಉತ್ತರ ದೊರೆಯುವುದು ಕಷ್ಟವಿತ್ತು. ಮೊದಲ ಹನಿಯಿಂದಲೇ ಹುಳಿಯದಂತೆ ಹಿಡಿಯುವುದು ಹೇಗೆ ಎಂದು ಪ್ರಶ್ನೆಯನ್ನು ತಿರುಗಿಸಿದಾಗ ದಾರಿ ಕಂಡಿತು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯು ಮರದ ಮೇಲೆಯೇ ರಸವನ್ನು ಮಂಜುಗಡ್ಡೆಯ ತಂಪಿನಲ್ಲಿ ಸಂಗ್ರಹಿಸುವ ಪೆಟ್ಟಿಗೆಯನ್ನು ರೂಪಿಸಿತು. ಹಾಗೆ ಹಿಡಿದ ರಸಕ್ಕೆ ‘ಕಲ್ಪರಸ’ ಎಂಬ ಹೆಸರು ಬಂದಿತು.

ಮರ ಹತ್ತುವವರ ಅಭಾವ ಇನ್ನೊಂದು ಉದಾಹರಣೆ. ಮರ ಹತ್ತಬಲ್ಲವರನ್ನು ಎಲ್ಲಿಂದ ತರುವುದು ಎಂದು ಎಲ್ಲರೂ ಕೇಳುತ್ತಿದ್ದಾಗ, ಹತ್ತಲು ಬಾರದವನೂ ಹತ್ತುವಂತೆ ಮಾಡುವುದು ಹೇಗೆ ಎಂದು ಯೋಚಿಸಿದವರು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಒಬ್ಬ ಕೃಷಿಕರು, ಎಂ.ಜೆ. ಜೋಸೆಫ್. ಅವರು ರೂಪಿಸಿದ ಮರ ಹತ್ತುವ ಸಾಧನ ಇಂದು ಅವರ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿ ಯೋಜನೆಯನ್ನು ಆರಂಭಿಸಿ, ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಯುವಕರಿಗೆ ಮಾತ್ರವಲ್ಲದೆ ಮಹಿಳೆಯರಿಗೂ ಕಲಿಸಿತು.

ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡದಂತೆ ಬಿದ್ದಿರುತ್ತಿದ್ದ ನಾರಿನ ಪುಡಿಯ ಕಥೆಯೂ ಹೀಗೆಯೇ. ಅದನ್ನು ಎಲ್ಲಿ ಸುರಿಯುವುದು ಎಂಬುದೇ ಒಂದು ಕಾಲದ ಚಿಂತೆ. ನೀರನ್ನು ಹಿಡಿದಿಡುವ ಅದರ ಗುಣದಿಂದ ಯಾರಿಗೆ ಪ್ರಯೋಜನ ಎಂದು ಕೇಳಿದ ಮೇಲೆ ಅದು ನರ್ಸರಿ, ಹಸಿರುಮನೆಗಳಿಗೆ ಬೇಕಾದ ಕೊಕೊಪೀಟ್ ಆಯಿತು. ನಾರಿನ ಉದ್ಯಮದ ರಫ್ತಿನಲ್ಲಿ ಪ್ರಮುಖ ಸ್ಥಾನ ಪಡೆಯಿತು. ಮೂರು ಪ್ರಸಂಗಗಳಲ್ಲಿಯೂ ವಸ್ತು ಹಳೆಯದು, ಪ್ರಶ್ನೆ ಮಾತ್ರ ಹೊಸದು.

ಇಕ್ಕಟ್ಟಿನಲ್ಲಿ ಹುಟ್ಟಿದ ಉದ್ಯಮಗಳು

ಕರ್ನಾಟಕದ ಕೈಗಾರಿಕಾ ಇತಿಹಾಸವೂ ಇದನ್ನೇ ಹೇಳುತ್ತದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ಮರಕ್ಕೆ ದಾರಿ ಮುಚ್ಚಿತು. ಕಡಿದ ಮರ ರಾಶಿ ಬಿದ್ದಿತು. ಕೊಳ್ಳುವವರಿಗಾಗಿ ಕಾಯುವ ಬದಲು, ಎಣ್ಣೆಯನ್ನು ಇಲ್ಲಿಯೇ ಏಕೆ ತೆಗೆಯಬಾರದು ಎಂದು ಮೈಸೂರು ಸಂಸ್ಥಾನ ಯೋಚಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಅದರ ಮುಂದಿನ ಹೆಜ್ಜೆ.

ಹೋಟೆಲ್ ಉದ್ಯಮದಲ್ಲಿ ಎಂ.ಟಿ.ಆರ್. ಸಂಸ್ಥೆಯ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯ ಹುಟ್ಟು ಎಂದು ಆ ಸಂಸ್ಥೆ ಹೇಳುತ್ತ ಬಂದಿದೆ. 1975ರ ತುರ್ತು ಪರಿಸ್ಥಿತಿಯ ನಂತರ ತಿಂಡಿಗಳ ಬೆಲೆಯ ಮೇಲೆ ನಿಯಂತ್ರಣ ಬಂದು ಹೋಟೆಲ್ ನಡೆಸುವುದೇ ಕಷ್ಟವಾದಾಗ, ಆ ಸಂಸ್ಥೆ ಪುಡಿಗಳು ಮತ್ತು ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ಹೊರಳಿತು. ಅಡುಗೆಯವರ ಕೈಯಲ್ಲಿದ್ದ ಹದವೇ ಪೊಟ್ಟಣದಲ್ಲಿ ಮಾರಾಟಕ್ಕೆ ಬಂದಿತು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಇಕ್ಕಟ್ಟು ಬಂದವರೆಲ್ಲ ಹೊಸ ದಾರಿ ಕಂಡುಕೊಳ್ಳಲಿಲ್ಲ. ಅನೇಕರು ಬಾಗಿಲು ಹಾಕಿದರು. ದಾರಿ ಕಂಡವರಲ್ಲಿ ಮೊದಲೇ ಕೈಯಲ್ಲಿ ಕಸುಬು ಇತ್ತು, ಮಾಡಿ ನೋಡುವ ಧೈರ್ಯವೂ ಇತ್ತು. ಕಷ್ಟ ಬಂದಾಗ ಬುದ್ಧಿ ತಾನಾಗಿ ಬರುತ್ತದೆ ಎಂದು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ.

ಸಲಹೆಗೆ ಹೆಸರು

ಮಾಡಿ ನೋಡುವ ಧೈರ್ಯ ಕೆಲಸಗಾರನಲ್ಲಿ ಬೆಳೆಯುವುದು ಹೇಗೆ? ಜಪಾನಿನ ಟೊಯೊಟಾ ಕಂಪನಿಯು 1951ರಲ್ಲಿ ನೌಕರರ ಸಲಹಾ ಪದ್ಧತಿಯನ್ನು ಜಾರಿಗೆ ತಂದಿತು. ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಕಂಡದ್ದನ್ನು ತಮ್ಮದಾಗಿಸಿಕೊಂಡ ಪದ್ಧತಿ ಅದು. 1962ರಲ್ಲಿ ಅದೇ ದೇಶದಲ್ಲಿ ಗುಣಮಟ್ಟ ವೃತ್ತಗಳು ಆರಂಭವಾದವು: ಒಂದೇ ಕೆಲಸ ಮಾಡುವ ಕೆಲವರು ವಾರಕ್ಕೊಮ್ಮೆ ಕುಳಿತು ತಮ್ಮದೇ ಕೆಲಸದ ತೊಡಕನ್ನು ತಾವೇ ಬಿಡಿಸುವ ಕ್ರಮ. ಭಾರತದಲ್ಲಿ 1980ರ ದಶಕದ ಆರಂಭದಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆ ಇದಕ್ಕೆ ನಾಂದಿ ಹಾಡಿತು.

ಆದರೆ ಕೆಲಸದ ಜೊತೆಗೆ ಕೆಲಸಗಾರನ ಹೆಸರನ್ನು ಉಳಿಸುವ ಪಾಠಕ್ಕಾಗಿ ಜಪಾನಿಗೆ ಹೋಗಬೇಕಾಗಿಲ್ಲ. ಬೇಲೂರು, ಹಳೇಬೀಡು ಈ ಜಿಲ್ಲೆಯಲ್ಲಿಯೇ ಇವೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನ ಗುಣವನ್ನು ಅರಿತು, ಮರಕ್ಕೂ ದಂತಕ್ಕೂ ಸಲ್ಲುವ ಸೂಕ್ಷ್ಮ ಕೆತ್ತನೆಯನ್ನು ಕಲ್ಲಿನಲ್ಲಿ ತಂದವರು ಅವರು. ಕಂಬಗಳನ್ನು ಚರಕಿಯಲ್ಲಿ ತಿರುಗಿಸಿದಂತೆ ನುಣುಪುಗೊಳಿಸಿದವರೂ ಅವರೇ. ರಾಜನ ಶಾಸನವಿರುವ ಗುಡಿಯಲ್ಲಿಯೇ ಕುಶಲಕರ್ಮಿಯ ಹೆಸರಿಗೂ ಜಾಗ ದೊರೆಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂಬತ್ತು ಶತಮಾನಗಳ ನಂತರವೂ ಮಾಡಿದವನ ಹೆಸರು ಓದಲು ಸಿಗುತ್ತದೆ. ಅದೇ ಜಿಲ್ಲೆಯ ಇಂದಿನ ಅಂಗಡಿಯಲ್ಲಿ, ಹಮಾಲನೊಬ್ಬನು ಹೇಳಿದ ಉಪಾಯದಿಂದ ಉಳಿದ ಹಣ ಯಾರ ಹೆಸರಿಗೂ ಜಮೆಯಾಗುವುದಿಲ್ಲ.

ಮಾಲೀಕರ ಆಕ್ಷೇಪ

ಇದಕ್ಕೆ ಮಾಲೀಕರಲ್ಲಿ ಸಹಜವಾದ ಆಕ್ಷೇಪವಿದೆ. ಆಳುಗಳಿಗೆ ಪ್ರಯೋಗದ ಸ್ವಾತಂತ್ರ್ಯ ಕೊಟ್ಟರೆ ಮಾಲು ಹಾಳಾಗುತ್ತದೆ. ಹಾಳಾದದ್ದಕ್ಕೆಲ್ಲ ಪ್ರಯೋಗವೆಂಬ ನೆಪ ಸಿಗುತ್ತದೆ. ಆದ್ದರಿಂದಲೇ ‘ಹೇಳಿದಷ್ಟು ಮಾಡು, ಹೆಚ್ಚು ತಲೆ ಓಡಿಸಬೇಡ’ ಎಂಬ ಮಾತು ಅಂಗಡಿಗಳಲ್ಲಿ ರೂಢಿಯಾಗಿದೆ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಬಂಡವಾಳದ ವರ್ತಕನಿಗೆ ಒಂದು ಹಂಗಾಮಿನ ತಪ್ಪು ಮೂರು ವರ್ಷ ಕಾಡಬಲ್ಲದು.

ಆದರೆ ಪ್ರಯೋಗಕ್ಕೂ ಅಜಾಗರೂಕತೆಗೂ ಇರುವ ಅಂತರವನ್ನು ಲೆಕ್ಕವೇ ತೋರಿಸಬಲ್ಲದು. ಮಾಡುವ ಮುನ್ನ ಬರೆದದ್ದು ಪ್ರಯೋಗ. ಮಾಡಿದ ಮೇಲೆ ಹೇಳಿದ್ದು ನೆಪ. ಇಷ್ಟು ಕಾಯಿ, ಇಷ್ಟು ದಿನ, ಇಷ್ಟು ಖರ್ಚು, ಜವಾಬ್ದಾರಿ ಇಂಥವರದು ಎಂದು ಮೊದಲೇ ನಿಗದಿಪಡಿಸಿದರೆ ನಷ್ಟಕ್ಕೆ ಒಂದು ಮಿತಿ ಇರುತ್ತದೆ. ಒಂದು ಲಕ್ಷ ಕಾಯಿಯ ಅಟ್ಟದಲ್ಲಿ 500 ಕಾಯಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ನೋಡುವುದರಿಂದ ಯಾವ ವರ್ತಕನೂ ಮುಳುಗುವುದಿಲ್ಲ. ಗೆದ್ದರೆ ಮುಂದಿನ ವರ್ಷ 5,000 ಕಾಯಿ. ಸೋತರೆ ಸೋತದ್ದೂ ಪುಸ್ತಕದಲ್ಲಿ ಉಳಿದು ಮತ್ತೊಬ್ಬನು ಅದೇ ತಪ್ಪು ಮಾಡುವುದು ತಪ್ಪುತ್ತದೆ.

ಆಗಬೇಕಾದುದು

ಹೆಚ್ಚಿನ ವೆಚ್ಚವಿಲ್ಲದೆ ನಾಲ್ಕು ಕ್ರಮಗಳನ್ನು ಯಾವುದೇ ಮಂಡಿ, ಎಣ್ಣೆ ಗಾಣ, ನಾರಿನ ಘಟಕ ಕೈಗೊಳ್ಳಬಹುದು. ಮೊದಲನೆಯದಾಗಿ, ಕೆಟ್ಟ ಮಾಲಿಗೆ ಪ್ರತ್ಯೇಕ ಪುಟ. ಎರಡನೆಯದಾಗಿ, ತಿಂಗಳಿಗೊಮ್ಮೆ ಅರ್ಧ ಗಂಟೆ ಆ ಪುಟವನ್ನು ಮುಂದಿಟ್ಟುಕೊಂಡು ಗುಮಾಸ್ತರು, ಹಮಾಲರು, ಕಾಯಿ ಸುಲಿಯುವವರು ಎಲ್ಲರೂ ಕೂಡಿ ಮಾತನಾಡುವುದು. ಅಲ್ಲಿ ಯಜಮಾನನು ಕೊನೆಯಲ್ಲಿ ಮಾತನಾಡುವುದು ಲೇಸು, ಏಕೆಂದರೆ ಆತ ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಹೌದೆನ್ನುವುದಷ್ಟೇ ಬಾಕಿ. ಮೂರನೆಯದಾಗಿ, ವರ್ಷಕ್ಕೆ 5,000 ರೂಪಾಯಿಯಷ್ಟಾದರೂ ಪ್ರಯೋಗಕ್ಕೆಂದು ತೆಗೆದಿಡುವುದು. ವ್ಯಾಪಾರಕ್ಕಾಗಿಯೇ ಮಾಡಿದ ಇಂಥ ಸಣ್ಣ ಖರ್ಚನ್ನು ರಸೀದಿ ಸಹಿತ ವೆಚ್ಚದಲ್ಲಿ ತೋರಿಸಬಹುದು. ಯಂತ್ರ ಕೊಂಡರೆ ಮಾತ್ರ ಅದು ಆಸ್ತಿಯಾಗಿ ದಾಖಲಾಗಿ ಸವಕಳಿಗೆ ಒಳಪಡುತ್ತದೆ. ನಾಲ್ಕನೆಯದಾಗಿ, ಉಳಿತಾಯವಾದಾಗ ಸಲಹೆ ಕೊಟ್ಟವನ ಹೆಸರನ್ನು ಬರೆದು, ಅದರಲ್ಲಿ ಒಂದು ಪಾಲನ್ನು ಆತನಿಗೆ ಕೊಡುವುದು.

ವಾಣಿಜ್ಯ ಸಂಸ್ಥೆಗಳೂ ಇದರಲ್ಲಿ ಪಾತ್ರ ವಹಿಸಬಹುದು. ಸದಸ್ಯರ ಅಂಗಡಿಗಳಲ್ಲಿ ಫಲಿಸಿದ ಹಾಗೂ ಫಲಿಸದ ಪ್ರಯೋಗಗಳ ವಿವರವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿದರೆ, ಹೊರಗಿನ ಉಪನ್ಯಾಸಕ್ಕಿಂತ ಅದು ಹೆಚ್ಚು ಉಪಯುಕ್ತವಾದೀತು.

ಬೆಲೆಯ ಏರಿಳಿತದ ನಡುವೆ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗೆ ಕುಸಿದು ಬೆಳೆಗಾರರೂ ವರ್ತಕರೂ ತತ್ತರಿಸಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಧಾರಣೆ 20,000 ರೂಪಾಯಿಯನ್ನೂ ದಾಟಿತು. ಏರಿದ ಬೆಲೆ ಅಟ್ಟದ ತೂತುಗಳನ್ನೆಲ್ಲ ಮುಚ್ಚುತ್ತದೆ. ಇಳಿದಾಗ ಅವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಧಾರಣೆ ಯಾವ ವರ್ತಕನ ಕೈಯಲ್ಲಿಯೂ ಇಲ್ಲ. ಕೆಡುವ ನಾಲ್ಕು ಕಾಯಿಗಳಲ್ಲಿ ಒಂದನ್ನು ಉಳಿಸುವುದು ಕೈಯಲ್ಲಿದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅರಸೀಕೆರೆ ಜಂಕ್ಷನ್ನಿನಿಂದ ಬೆಂಗಳೂರಿನ ರೈಲು ಹತ್ತುವ ಯುವಕರು ಕೂಲಿ ಕಡಿಮೆಯೆಂಬ ಒಂದೇ ಕಾರಣಕ್ಕೆ ಊರು ಬಿಡುತ್ತಾರೆಂದು ಹೇಳಲಾಗದು. ತನ್ನ ಕೈ ಮಾತ್ರ ಬೇಕು, ತಲೆ ಬೇಡ ಎನ್ನುವ ಕಡೆ ಓದು ಬರಹ ಬಲ್ಲ ಹುಡುಗ ಬಹಳ ದಿನ ನಿಲ್ಲುವುದಿಲ್ಲ. ಆತ ಹೋದಾಗ ಅಟ್ಟದ ಬಗ್ಗೆ ಆತನಿಗೆ ತಿಳಿದದ್ದೂ ಆತನೊಂದಿಗೇ ಹೋಗುತ್ತದೆ. ಆ ನಷ್ಟವನ್ನೂ ಯಾವ ಖಾತೆಯಲ್ಲಿಯೂ ಬರೆಯುವುದಿಲ್ಲ. ಮುಂದಿನ ಹಂಗಾಮಿನ ಕಾಯಿ ಅಟ್ಟಕ್ಕೆ ಏರುವ ಮುನ್ನ ಕಣಕಟ್ಟೆಯ ವರ್ತಕ ಬಾಂಧವರು ಪುಸ್ತಕದಲ್ಲಿ ಆ ಒಂದು ಪುಟವನ್ನು ತೆರೆಯುವುದು ಒಳಿತು.