ಕಣ್ಣಿನಲ್ಲಿ ಕಂಡ ಬಿಳುಪು

ಮಿದುಳಿನ ಎಂಆರ್‌ಐ ಚಿತ್ರ ತೆಗೆಯುವಾಗ ಗ್ಯಾಡೊಲಿನಿಯಮ್ ಧಾತುವಿನ ಸಂಯುಕ್ತವೊಂದನ್ನು ರಕ್ತಕ್ಕೆ ಸೇರಿಸುವುದುಂಟು. ಪಾರ್ಶ್ವವಾಯುವಿಗೆ ಗುರಿಯಾದ 167 ರೋಗಿಗಳ ಚಿತ್ರಗಳಲ್ಲಿ, ಸುಮಾರು ಮುಕ್ಕಾಲು ಪಾಲು ಮಂದಿಯ ಕಣ್ಣಿನ ದ್ರವವೂ ಬೆಳ್ಳಗಾಗಿದ್ದುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದರು.

ಲೋಹವೇ ಹೊಳೆಯುತ್ತದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಹಾಗಲ್ಲ, ಚಿತ್ರಕ್ಕೆ ಸಂಕೇತ ಕೊಡುವವು ನೀರಿನ ಪ್ರೋಟಾನುಗಳು. ಜೊತೆಯಿಲ್ಲದ ಏಳು ಎಲೆಕ್ಟ್ರಾನುಗಳುಳ್ಳ ಗ್ಯಾಡೊಲಿನಿಯಮ್ ಪುಟ್ಟದೊಂದು ಪ್ರಬಲ ಅಯಸ್ಕಾಂತ. ಅದರ ಸಾಮೀಪ್ಯದಲ್ಲಿ ಪ್ರೋಟಾನುಗಳು ಬೇಗನೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಫ್ಲೇರ್ ಎಂಬ ವಿಧಾನದಲ್ಲಿ ಬರಿಯ ದ್ರವ ಕಪ್ಪಾಗಿ ತೋರುವಂತೆ ಕಾಲವನ್ನು ಹೊಂದಿಸಿರುತ್ತಾರೆ. ಪ್ರೋಟಾನುಗಳು ಅವಸರಪಟ್ಟರೆ ಲೆಕ್ಕ ತಪ್ಪಿ ದ್ರವ ಬೆಳಗುತ್ತದೆ. ಅತ್ಯಲ್ಪ ಲೋಹವೂ ಎದ್ದು ಕಾಣುತ್ತದೆ.

ಇದಕ್ಕೆ ‘ಸೋರಿಕೆ’ ಎಂದು ಹೆಸರಿಟ್ಟುದು ನಮಗೆ ಅಷ್ಟಾಗಿ ರುಚಿಸದು. ಸೋರುವ ಮಡಕೆ ಒಡೆದಿರಲೇಬೇಕೆಂದು ಓದಿದವನು ಕೂಡಲೆ ಊಹಿಸುತ್ತಾನೆ, ಹೆದರುತ್ತಾನೆ. ಲೋಹವು ರಕ್ತದಿಂದ ಕಣ್ಣಿಗೆ ದಾಟಿತೆಂಬುದಷ್ಟೇ ಚಿತ್ರದ ಸಾಕ್ಷ್ಯ. ದೃಷ್ಟಿ ಕೆಟ್ಟಿತೆಂದು ಅದು ಹೇಳಿಲ್ಲ. ಹಾಗೆಂದು ಅಲಕ್ಷಿಸುವಂತೆಯೂ ಇಲ್ಲ. ಎರಡು ಗಂಟೆಗಳ ಬಳಿಕ ಬಹುಮಟ್ಟಿಗೆ ಕಣ್ಣಿನ ಮುಂಭಾಗದಲ್ಲಿ ಕಂಡ ಬಿಳುಪು, ಮರುದಿನ ಹಿಂಭಾಗದಲ್ಲಿ ತುಂಬಿದ ಗಾಜಿನಂಥ ದ್ರವದಲ್ಲಿಯೂ ಕಂಡಿತು. ಮಿದುಳನ್ನಷ್ಟೇ ನೋಡಿ ಚಿತ್ರವನ್ನು ಲಕೋಟೆಗೆ ಸೇರಿಸಿಬಿಡುವುದನ್ನು ನಾವು ಒಪ್ಪಲಾರೆವು.