ಚಿಕ್ಕಪ್ಪನ ನಾಲ್ಕು ಟ್ರ್ಯಾಕ್

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಒಂದು ಬಿಸ್ಕತ್ತಿನ ಡಬ್ಬ ಕೈಗಿಟ್ಟರು. ಒಳಗೆ ಒಂದೇ ಒಂದು ಕ್ಯಾಸೆಟ್. ಮೇಲೆ ಚಿಕ್ಕಪ್ಪನ ಅಕ್ಷರ: 'ಅತ್ತಿಗೆ ಹಾಡು, ಹಾರ್ಮೋನಿಯಂ, ತಬಲಾ. ಡಿಬಿಎಕ್ಸ್.' ಚಿಕ್ಕಪ್ಪ ಈಗಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅಮ್ಮ ಹಾಡುವುದೂ ನಿಂತಿದೆ.

ಮನೆಯ ಹಳೇ ಟೂ-ಇನ್-ಒನ್‌ಗೆ ಹಾಕಿದೆ. ಅಮ್ಮನ ದನಿ ಗಂಡಸಿನ ದನಿ ಥರ, ಅರ್ಧ ವೇಗದಲ್ಲಿ. ತಿರುಗಿಸಿ ಹಾಕಿದರೆ ತಬಲಾ ಹಿಂದಿನಿಂದ ಮುಂದಕ್ಕೆ. 'ಟೇಪ್ ಹಾಳಾಗಿದೆ ಬಿಡು' ಅಂದರು ಅಮ್ಮ.

ಹಾಳಾಗಿರಲಿಲ್ಲ. ಮಾಮೂಲಿ ಕ್ಯಾಸೆಟ್‌ನಲ್ಲಿ ಈ ಕಡೆಗೆ ಎರಡು ಟ್ರ್ಯಾಕ್, ಆ ಕಡೆಗೆ ಎರಡು. ಫೋರ್-ಟ್ರ್ಯಾಕ್ ರೆಕಾರ್ಡರ್ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸುತ್ತದೆ, ಅದೂ ಸೆಕೆಂಡಿಗೆ ಸುಮಾರು 9.5 ಸೆಂ.ಮೀ., ಅಂದರೆ ಎರಡರಷ್ಟು ವೇಗದಲ್ಲಿ. 60 ನಿಮಿಷದ ಕ್ಯಾಸೆಟ್‌ನಲ್ಲಿ ಸಿಗುವುದು 15 ನಿಮಿಷ ಮಾತ್ರ. 1979ರಲ್ಲಿ ಬಂದ ಪೋರ್ಟಾಸ್ಟುಡಿಯೊ 144 ಈ ಜಾತಿಯ ಮೊದಲನೆಯದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕಾ' ಆಲ್ಬಮ್ಮನ್ನು ಮನೆಯಲ್ಲೇ ಕೂತು ರೆಕಾರ್ಡ್ ಮಾಡಿದ್ದು ಅದರಲ್ಲೇ. ನಮ್ಮ ಚಿಕ್ಕಪ್ಪ ಗಲ್ಫ್‌ನಿಂದ ಇಂಥದ್ದೊಂದು ತಂದು, ಆಮೇಲೆ ಮಾರಿದ್ದರಂತೆ.

ಸರಿ, ಒಂದು ಕೊಳ್ಳೋಣ ಅಂತ ಹೊರಟೆ. ಮೊದಲ ಸಲ ಆನ್‌ಲೈನ್‌ನಲ್ಲಿ 'ಪವರ್ ಆನ್ ಆಗುತ್ತೆ' ಅಂತ ಹಾಕಿದ್ದ ಫೋಟೊ ನಂಬಿದೆ. ಮೀಟರಿನ ದೀಪ ಚೆನ್ನಾಗಿಯೇ ಉರಿಯುತ್ತಿತ್ತು ಬಿಡಿ. ಹೆಡ್ ಮೇಲೆ ಟೇಪ್ ಕೊರೆದ ಗುಳಿ ಮಾತ್ರ ಉಗುರಿಗೆ ಸಿಗುವಷ್ಟು ಆಳ. ಎರಡು ತಿಂಗಳ ಉಳಿತಾಯ ಹೋಯ್ತು.

ಎರಡನೇ ಸಲ ನಾನೇ ಹೋದೆ, ಟಾರ್ಚ್, ಹೆಡ್‌ಫೋನ್, ಖಾಲಿ ಕ್ಯಾಸೆಟ್ ಹಿಡಿದು. ನಾಲ್ಕೂ ಟ್ರ್ಯಾಕಿಗೆ ಫೋನಿನಿಂದ ಒಂದೇ ಟೋನ್ ರೆಕಾರ್ಡ್ ಮಾಡಿ ಕೇಳಿ. ಅಂಚಿನ ಒಂದು ಮತ್ತು ನಾಲ್ಕನೇ ಟ್ರ್ಯಾಕ್ ಸೊರಗಿದ್ದರೆ ಅನುಮಾನಿಸಿ. ಟೋನ್ ಅಲುಗಾಡಿದರೆ ಬೆಲ್ಟ್ ಅಥವಾ ಪಿಂಚ್ ರೋಲರ್ ತೊಂದರೆ. ಅದಕ್ಕೆ ಹೆದರಬೇಡಿ, ರಬ್ಬರ್ ಬದಲಿಸಬಹುದು. ಸವೆದ ಹೆಡ್ಡಿಗೆ ಬದಲಿ ಸಿಗುವುದು ಮಾತ್ರ ಕಷ್ಟ. ಅಗ್ಗದ ಕೆಲವು ಮಾಡೆಲ್ ಮಾಮೂಲಿ ವೇಗದಲ್ಲೇ ಓಡುತ್ತವೆ, ಅವು ನನ್ನ ಕೆಲಸಕ್ಕೆ ಬರಲ್ಲ. ಡಿಬಿಎಕ್ಸ್ ಬೇಕೇ ಬೇಕಿತ್ತು, ಅದರಲ್ಲಿ ರೆಕಾರ್ಡ್ ಆದದ್ದನ್ನು ಅದಿಲ್ಲದೆ ಕೇಳಿದರೆ ಸದ್ದು ಉಸಿರುಗಟ್ಟಿದ ಹಾಗೆ ಏರಿಳಿಯುತ್ತದೆ. ಇನ್ನೊಂದು, ಅಮೆರಿಕದ ಮಶೀನಾದರೆ 120 ವೋಲ್ಟ್. ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಹೊಗೆಯೇ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ತಂದ ಮೇಲೂ ಅಮ್ಮನ ಕ್ಯಾಸೆಟ್ ಮುಟ್ಟಲಿಲ್ಲ. ಇರುವುದೇ ಒಂದು, ಬ್ಯಾಕಪ್ ಇಲ್ಲ. ಟೂ-ಇನ್-ಒನ್‌ಗೆ ಹಾಗೇ ತುರುಕಿದ್ದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಹಳೇ ಬೆಲ್ಟ್ ಕರಗಿ ಡಾಂಬರಾಗಿತ್ತು, ಒರೆಸಲು ಒಂದು ಭಾನುವಾರ ಬೇಕಾಯ್ತು. ಹೆಡ್ ಮತ್ತು ಕ್ಯಾಪ್‌ಸ್ಟನ್ನಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ರಬ್ಬರ್ ರೋಲರಿಗೆ ಸೋಪು ನೀರು. ಆಮೇಲೆ ಡಿಮ್ಯಾಗ್ನೆಟೈಸರ್: ಮಶೀನ್ ಆಫ್, ಕ್ಯಾಸೆಟ್‌ಗಳೆಲ್ಲ ಪಕ್ಕದ ರೂಮಿಗೆ. ಹೆಡ್ಡಿನ ಹತ್ತಿರ ಆಡಿಸಿ, ನಿಧಾನಕ್ಕೆ ಕೈಯಳತೆ ದೂರ ತಂದ ಮೇಲೇ ಸ್ವಿಚ್ ತೆಗೆಯಬೇಕು. ಅವಸರ ಮಾಡಿದರೆ ಹೆಡ್ಡಿಗೆ ಇನ್ನಷ್ಟು ಕಾಂತ ಹತ್ತುತ್ತದೆ. ಬೇರೆ ಕ್ಯಾಸೆಟ್‌ಗಳನ್ನು ವಾರಗಟ್ಟಲೆ ಓಡಿಸಿದೆ. ಒಂದನ್ನೂ ತಿನ್ನಲಿಲ್ಲ.

ಆಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆಸಿದೆ. ದನಿ ಸ್ವಲ್ಪ ಮಂಕಾಗಿತ್ತು. ಹೆಡ್ ಪಕ್ಕದ ಪುಟ್ಟ ಸ್ಕ್ರೂ ಮೊದಲು ಎಲ್ಲಿತ್ತು ಅಂತ ಗುರುತು ಹಾಕಿಕೊಂಡು ಕೂದಲೆಳೆಯಷ್ಟು ತಿರುಗಿಸಿದೆ, 'ಸ' ಅಕ್ಷರ ಸ್ಪಷ್ಟವಾಯಿತು. ನಾಲ್ಕೂ ಟ್ರ್ಯಾಕ್ ಬೇರೆಬೇರೆಯಾಗಿ ಲ್ಯಾಪ್‌ಟಾಪಿಗೆ ಹೋದವು. ನಾಲ್ಕನೆಯದರಲ್ಲಿ ಲೇಬಲ್ ಮೇಲೆ ಬರೆಯದ ಒಂದು ಮಾತು, ಚಿಕ್ಕಪ್ಪನ ದನಿ: 'ಅತ್ತಿಗೆ, ಇನ್ನೊಂದ್ಸಲ.'

ಅಮ್ಮ ತಮ್ಮ ಹಾಡನ್ನು ಒಂದು ಸಲ ಕೇಳಿದರು. ಆಮೇಲೆ ಫೇಡರ್ ಯಾವುದು ಅಂತ ಕೇಳಿ ತಮ್ಮ ದನಿ ಪೂರ್ತಿ ಕೆಳಗಿಳಿಸಿದರು. ತಬಲಾನೂ ಇಳಿಸಿದರು. ಬರೀ ಹಾರ್ಮೋನಿಯಂ ಕೇಳುತ್ತಾ ಕೂತರು.