ಗೌರಿಯ ಕಥೆ, ಗೈಡಿನ ಉತ್ತರ

ಪಿಯುಸಿ ಕನ್ನಡದ ಉತ್ತರ ಪತ್ರಿಕೆ ತಿದ್ದಲು ಕುಳಿತ ಉಪನ್ಯಾಸಕರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಪ್ರಸ್ತುತ ಈ ವಾಕ್ಯವನ್ನು ಇಂಥವರು ಬರೆದಿರುವ ಇಂಥ ಗದ್ಯಭಾಗದಿಂದ ಆರಿಸಿಕೊಳ್ಳಲಾಗಿದೆ.’ ಅದರ ಕೆಳಗೆ ಸಂದರ್ಭ, ಆಮೇಲೆ ಸ್ವಾರಸ್ಯ. ಬೀದರಿನ ಹುಡುಗಿಯೂ ಬರೆಯುವುದು ಅದನ್ನೇ, ಬಂಟ್ವಾಳದ ಹುಡುಗನೂ ಬರೆಯುವುದು ಅದನ್ನೇ. ಬಂಡಲ್ ಮುಗಿಯುವ ಹೊತ್ತಿಗೆ, ಎಲ್ಲರಿಗೂ ಆ ಪಾಠ ಒಂದೇ ರೀತಿ ಹಿಡಿಸಿದೆ, ಎಲ್ಲರಿಗೂ ಒಂದೇ ಜಾಗದಲ್ಲಿ ಮರುಕ ಹುಟ್ಟಿದೆ ಎಂದು ನಂಬಬೇಕಾಗುತ್ತದೆ. ಪುಸ್ತಕ ಓದಿ ಮುಚ್ಚಿಟ್ಟ ಮೇಲೆ ವಿದ್ಯಾರ್ಥಿಗೆ ಏನನ್ನಿಸಿತು ಎಂಬುದು ಮಾತ್ರ ಆ ಬಂಡಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ದ್ವಿತೀಯ ಪಿಯುಸಿಯ ದೀರ್ಘಗದ್ಯವನ್ನೇ ನೋಡಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಸಂಕಲನದ ‘ಕೃಷ್ಣೇಗೌಡನ ಆನೆ’ ಬಹಳ ವರ್ಷಗಳಿಂದ ಪಠ್ಯವಾಗಿದೆ. ಮಠದಲ್ಲಿದ್ದ ಗೌರಿ ಎಂಬ ಆನೆ ಕೃಷ್ಣೇಗೌಡನ ಕೈಸೇರಿ ಮರ ಎಳೆಯುವ ಕೆಲಸಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ಊರಿನಲ್ಲಿ ಏನು ಎಡವಟ್ಟಾದರೂ ಎಲ್ಲರ ಬೆರಳು ಆನೆಯ ಕಡೆಗೇ. ಅರಣ್ಯ ಇಲಾಖೆಯವರಿಗೂ ವಿದ್ಯುತ್ ಇಲಾಖೆಯವರಿಗೂ ಎಣ್ಣೆ ಸೀಗೆಕಾಯಿ; ಆ ಕಿತ್ತಾಟದ ನಡುವೆ ಮೂಕಪ್ರಾಣಿಯ ಮೇಲಿನ ಆರೋಪಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಗಿಸುತ್ತಲೇ ಓದಿಸಿಕೊಳ್ಳುವ ಕಥೆ ಇದು. ಯಾರ ಪಕ್ಷ ವಹಿಸಬೇಕೆಂದು ತೇಜಸ್ವಿ ಎಲ್ಲಿಯೂ ಹೇಳಿಕೊಡುವುದಿಲ್ಲ, ಆ ತೀರ್ಮಾನ ಓದುಗನದು. ಹದಿನೇಳರ ವಯಸ್ಸಿನವರನ್ನು ವಾದಕ್ಕೆ ಎಳೆಯಲು ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಕಾಲೇಜುಗಳಿಗೆ ಬರುವ ಎಷ್ಟೋ ಮಕ್ಕಳಿಗೆ ಆನೆ ಬರೀ ಪಾಠದ ವಿಷಯವಲ್ಲ. ಬೆಳಿಗ್ಗೆ ಮೊಬೈಲ್ ತೆರೆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಆನೆ ಯಾವ ತೋಟದಲ್ಲಿತ್ತು ಎಂಬ ಸುದ್ದಿ ಇರುತ್ತದೆ. ಮನೆಯಲ್ಲಿ ಅಪ್ಪ ಪರಿಹಾರದ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಅಲೆದಿರಬಹುದು, ಚಿಕ್ಕಪ್ಪ ತೋಟದ ಕೆಲಸಕ್ಕೆ ಹೋಗಲು ಹೆದರುತ್ತಿರಬಹುದು. ಆ ಭಾಗದ ಜಿಲ್ಲೆಗಳಲ್ಲಿ ಸರ್ಕಾರ ಆನೆ ಕಾರ್ಯಪಡೆಗಳನ್ನೇ ಮಾಡಿದೆ. ಗೌರಿಯ ಕಥೆ ಓದುವಾಗ ಇಂಥ ವಿದ್ಯಾರ್ಥಿಗೆ ಮೇಷ್ಟ್ರಿಗೆ ಗೊತ್ತಿಲ್ಲದ ಹತ್ತು ಸಂಗತಿ ಗೊತ್ತಿರುತ್ತದೆ. ವಿಜಯಪುರದ ವಿದ್ಯಾರ್ಥಿಗೆ ಕಾಡಾನೆಯ ಭಯ ಗೊತ್ತಿಲ್ಲ, ಆದರೆ ಒಂದು ಕಂಬ ಸರಿಪಡಿಸಲು ಒಂದು ಕಚೇರಿಯವರು ಇನ್ನೊಂದು ಕಚೇರಿಯ ಕಡೆ ಕೈತೋರಿಸುವ ಆಟ ಚೆನ್ನಾಗಿ ಗೊತ್ತು. ಮೊದಲನೆಯವನಿಗೆ ಇದು ಕಾಡಿನ ಕಥೆ, ಎರಡನೆಯವನಿಗೆ ಇಲಾಖೆಗಳ ಕಥೆ. ಎರಡೂ ಸರಿಯಾದ ಓದುಗಳೇ. ಇಬ್ಬರೂ ಪರೀಕ್ಷೆಯಲ್ಲಿ ಬರೆಯುವುದು ಮಾತ್ರ ಗೈಡಿನ ಓದನ್ನು.

ಗೈಡನ್ನೊಂದೇ ಬೈದು ಉಪಯೋಗವಿಲ್ಲ. ಈಗ ‘ಪಾಸಿಂಗ್ ಪ್ಯಾಕೇಜ್’ ಇದೆ, ಬ್ಲೂಪ್ರಿಂಟ್ ಇದೆ, ಹತ್ತು ನಿಮಿಷದಲ್ಲಿ ಇಡೀ ದೀರ್ಘಗದ್ಯ ಮುಗಿಸುವ ಯೂಟ್ಯೂಬ್ ವಿಡಿಯೊಗಳಿವೆ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಎಐ ಕೂಡ ಬಂದಿದೆ. ಉತ್ತರವೇ ಮೊದಲು ಕೈಗೆ ಸಿಗುವಾಗ ಪುಸ್ತಕ ತೆರೆಯುವ ದಡ್ಡತನ ಯಾರು ಮಾಡುತ್ತಾರೆ? ಮಕ್ಕಳ ಲೆಕ್ಕಾಚಾರದಲ್ಲಿ ತಪ್ಪಿಲ್ಲ. ಅಂಕ ಎಲ್ಲಿದೆಯೋ ಅವರು ಅಲ್ಲಿದ್ದಾರೆ.

ಇದನ್ನು ಸರಿಪಡಿಸುವ ಒಂದು ಅವಕಾಶ ಇತ್ತೀಚೆಗೆ ಒದಗಿತ್ತು. ಪಿಯು ಮಟ್ಟದಲ್ಲಿ ಭಾಷಾ ವಿಷಯಗಳಿಗೂ 80 ಅಂಕದ ಲಿಖಿತ ಪರೀಕ್ಷೆಯ ಜೊತೆಗೆ 20 ಆಂತರಿಕ ಅಂಕಗಳು ಬಂದವು. ಪ್ರಾಜೆಕ್ಟು, ಅಸೈನ್‌ಮೆಂಟುಗಳಿಗೆ ಅಲ್ಲಿ ಜಾಗ ಸಿಕ್ಕಿತು. ಸಿಕ್ಕಿದ ಜಾಗದಲ್ಲಿ ಬೆಳೆದದ್ದೇನು? ಯಾವುದಾದರೂ ಕಾಲೇಜಿನ ಸ್ಟಾಫ್ ರೂಮಿನಲ್ಲಿ ರಾಶಿ ಬಿದ್ದಿರುವ ಪ್ರಾಜೆಕ್ಟ್ ಪುಸ್ತಕಗಳಲ್ಲಿ ಒಂದನ್ನು ಎತ್ತಿಕೊಂಡರೆ ಸಾಕು. ಸ್ಪೈರಲ್ ಬೈಂಡಿಂಗ್, ಮೊದಲ ಪುಟದಲ್ಲಿ ‘ದೃಢೀಕರಣ ಪತ್ರ’, ಎರಡನೆಯದರಲ್ಲಿ ತಂದೆ ತಾಯಿ ಪ್ರಾಂಶುಪಾಲರಿಗೆಲ್ಲ ಕೃತಜ್ಞತೆ, ಮೂರನೆಯದರಲ್ಲಿ ಅಂಗಡಿಯಿಂದ ತಂದು ಅಂಟಿಸಿದ ಲೇಖಕರ ಚಿತ್ರ, ಸುತ್ತ ಸ್ಕೆಚ್ ಪೆನ್ನಿನ ಬಳ್ಳಿ. ಆಮೇಲೆ ಜನನ, ವಿದ್ಯಾಭ್ಯಾಸ, ಕೃತಿಗಳು, ಪ್ರಶಸ್ತಿಗಳು. ‘ಉಪಸಂಹಾರ’ದಲ್ಲಿ ಲೇಖಕರು ಕನ್ನಡ ಸಾಹಿತ್ಯಕ್ಕೆ ಅಪಾರ ಕೊಡುಗೆ ನೀಡಿದ್ದಾರೆ ಎಂಬ ಸಾಲು. ಅಕ್ಷರ ಮುದ್ದಾಗಿದ್ದರೆ ಪೂರ್ಣ ಅಂಕ. ತೇಜಸ್ವಿಯವರಿಗೆ ಈ ಪುಸ್ತಕ ತೋರಿಸಿದ್ದರೆ ಅವರು ಅದರ ಮೇಲೇ ಒಂದು ಕಥೆ ಬರೆಯುತ್ತಿದ್ದರೇನೋ.

ಪಠ್ಯದ ವಿಷಯದಲ್ಲಿ ನಾವು ಜಗಳವಾಡದವರೇನಲ್ಲ. 2022ರ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದದಲ್ಲಿ ದೇವನೂರ ಮಹಾದೇವ ಹತ್ತನೇ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಹಿಂಪಡೆದರು. ಬೇರೆ ಲೇಖಕರೂ ಅದೇ ದಾರಿ ಹಿಡಿದರು. ಮರುವರ್ಷ ಸರ್ಕಾರ ಬದಲಾಗಿ ಪಾಠಗಳೂ ಬದಲಾದವು. ಯಾರ ಪಾಠ ಒಳಗೆ, ಯಾರದು ಹೊರಗೆ ಎಂದು ತಿಂಗಳುಗಟ್ಟಲೆ ಪತ್ರಿಕೆಗಳ ಪುಟ ತುಂಬಿದವು. ಬೇಕಾದ ಜಗಳವೇ ಅದು. ಆದರೆ ಒಳಗೆ ಉಳಿದ ಪಾಠವನ್ನು ತರಗತಿಯಲ್ಲಿ ಯಾರು ಹೇಗೆ ಓದಿದರು, ಯಾವ ಮಗು ಏನು ಕೇಳಿತು ಎಂಬುದು ಎಡಕ್ಕೂ ಬೇಕಾಗಲಿಲ್ಲ, ಬಲಕ್ಕೂ ಬೇಕಾಗಲಿಲ್ಲ. ಪಾಠ ಪುಸ್ತಕದಲ್ಲಿ ಅಚ್ಚಾದರೆ ತಲೆಗೆ ಇಳಿದಂತೆಯೇ ಎಂದು ಎರಡೂ ಕಡೆಯವರು ನಂಬಿದಂತಿತ್ತು.

ಹಾಗಾದರೆ ಗೈಡು ಬಿಸಾಡಿ, ವಿದ್ಯಾರ್ಥಿ ತನಗೆ ಅನ್ನಿಸಿದ್ದನ್ನು ಬರೆದರೆ ಸಾಕೆ? ಅಷ್ಟು ಸುಲಭವಿಲ್ಲ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ 1920ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಹಂಚಿ, ವಾರದ ಸಮಯ ಕೊಟ್ಟು, ಓದಿ ಅನ್ನಿಸಿದ್ದನ್ನು ಬರೆದು ತರಲು ಹೇಳಿದರು. ಹದಿಮೂರು ಕವಿತೆಗಳಿಗೆ ಬಂದ ಆ ಟಿಪ್ಪಣಿಗಳೇ 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪುಸ್ತಕದ ಬಂಡವಾಳ. ಫಲಿತಾಂಶ ಗಾಬರಿ ಹುಟ್ಟಿಸುವಂತಿತ್ತು. ಜಾನ್ ಡನ್, ಹಾಪ್‌ಕಿನ್ಸ್‌ರ ಕವಿತೆಗಳು ಎಷ್ಟೋ ಮಂದಿಯಿಂದ ಬೈಸಿಕೊಂಡವು, ಸಾಧಾರಣ ಪದ್ಯಗಳು ಹೊಗಳಿಸಿಕೊಂಡವು. ಕವಿತೆಯ ನೇರ ಅರ್ಥವೇ ಹಲವರಿಗೆ ಆಗಿರಲಿಲ್ಲ. ಇನ್ನು ಕೆಲವರು ಕವಿತೆಯನ್ನು ಬಿಟ್ಟು, ಸಾವು, ದೇವರು, ತಾಯ್ನಾಡು ಎಂಬ ಮಾತು ಕಂಡ ತಕ್ಷಣ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಬರೆದಿದ್ದರು. ಓದಿನಲ್ಲಿ ಪಳಗಿದವರೆಂದು ನಾವು ತಿಳಿಯುವ ಕೇಂಬ್ರಿಜ್ ಹುಡುಗರ ಕಥೆಯೇ ಇದು!

ಈ ಪ್ರಯೋಗದ ಹೆಸರು ನಮ್ಮ ಎಂ.ಎ. ತರಗತಿಗಳಿಗೆ ಹೊಸದಲ್ಲ. ‘ಪ್ರಾಯೋಗಿಕ ವಿಮರ್ಶೆ’ ಎಂದು ಓದಿಸಿದ್ದೇವೆ, ಅದಕ್ಕೂ ನೋಟ್ಸ್ ಬರೆಸಿದ್ದೇವೆ. ಆದರೆ ರಿಚರ್ಡ್ಸ್ ಮಾಡಿದ್ದರಲ್ಲಿ ನಮಗೆ ಬೇಕಾದದ್ದು ಎರಡನೆಯ ಹೆಜ್ಜೆ. ಅವರು ಆ ಟಿಪ್ಪಣಿಗಳನ್ನು ಅಂಕ ಹಾಕಿ ಕಟ್ಟಿಡಲಿಲ್ಲ. ತರಗತಿಗೆ ತಂದು, ಇವನು ಹೀಗೆ ಓದಿದ್ದಾನೆ, ಅವಳು ಹಾಗೆ ಓದಿದ್ದಾಳೆ, ಕವಿತೆಯಲ್ಲಿ ಇದಕ್ಕೆ ಆಧಾರ ಎಲ್ಲಿದೆ ಎಂದು ಬಿಡಿಸಿ ನೋಡಿದರು. ‘ನನಗೆ ಹಾಗನ್ನಿಸಿತು’ ಎಂಬ ಮಾತಿಗೆ ‘ಯಾವ ಪುಟದಲ್ಲಿ?’ ಎಂಬ ಪ್ರಶ್ನೆ ಜೊತೆಯಾದಾಗ ಮಾತ್ರ ಅದು ಚರ್ಚೆ. ಇಲ್ಲದಿದ್ದರೆ ಹರಟೆ.

ಆ ಪ್ರಶ್ನೆ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಸಾಕು. 1965ರ ಈ ಕಾದಂಬರಿ ಪದವಿ ತರಗತಿಗಳಲ್ಲಿ ಓದಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಯಿಂದ ಹೊರಟು ಪ್ರಾಣೇಶಾಚಾರ್ಯರ ತಳಮಳಕ್ಕೆ ಮುಟ್ಟಿಸಿದರೆ ಉಪನ್ಯಾಸ ಮುಗಿಯಿತು. ಪುಟ ತಿರುಗಿಸುತ್ತ ಓದಿದ ವಿದ್ಯಾರ್ಥಿನಿಯೊಬ್ಬಳು ಬೇರೊಂದನ್ನು ಕೇಳಬಹುದು: ಅಗ್ರಹಾರ ಒಂದು ಹೆಣದ ಮುಂದೆ ಊಟ ಬಿಟ್ಟು ಕುಳಿತಿರುವಾಗ ಅತ್ತ ಕೇರಿಯಲ್ಲಿ ದಲಿತ ಹುಡುಗಿ ಬೆಳ್ಳಿಯ ಅಪ್ಪ ಅಮ್ಮ ಸತ್ತರಲ್ಲ, ಅದು ಅಗ್ರಹಾರಕ್ಕೆ ಸುದ್ದಿಯೇ ಆಗಲಿಲ್ಲವೇಕೆ? ಕಾದಂಬರಿಕಾರರು ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದಾರೆಯೇ, ಅಥವಾ ಅವರ ಕಣ್ಣೂ ಅಗ್ರಹಾರದೊಳಗೇ ನಿಂತಿತೇ? ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿಗುವುದು ಕಷ್ಟ. ಉಪನ್ಯಾಸಕರಲ್ಲೂ ಸಿದ್ಧ ಉತ್ತರ ಇರಬೇಕಾಗಿಲ್ಲ. ತರಗತಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ಪುಸ್ತಕ ಬದಲಾಗುತ್ತದೆ. ಕಾರಂತರ ‘ಚೋಮನ ದುಡಿ’ಯಂಥ ಕಾದಂಬರಿ ತೆಗೆದಾಗ ಇದು ಇನ್ನೂ ಸೂಕ್ಷ್ಮ. ಚೋಮನ ಜಾತಿಯ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ ಅನುಭವ ಹೇಳು ಎನ್ನುವುದು ಚರ್ಚೆಯಲ್ಲ, ಹಿಂಸೆ. ಮಾತಾಡುವ ಹಕ್ಕಿನಷ್ಟೇ ಸುಮ್ಮನಿರುವ ಹಕ್ಕೂ ತರಗತಿಯಲ್ಲಿರಬೇಕು. ಬರೆದು ಕೊಡುವ ಟಿಪ್ಪಣಿ ಇಂಥಲ್ಲಿ ಬಾಯಿಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕನ್ನಡದಲ್ಲಿ ಕೂಡಿ ಓದುವ ರೂಢಿ ಹಳೆಯದು. ಗಮಕಿ ಕುಮಾರವ್ಯಾಸನನ್ನು ಹಾಡಿ, ಪಕ್ಕದವರು ವ್ಯಾಖ್ಯಾನ ಮಾಡಿ, ಜಗಲಿಯ ಮೇಲಿನವರು ನಡುವೆ ಬಾಯಿ ಹಾಕುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೆಯ ದಿನ ಕುಳಿತು ಮಾತಾಡುವುದು ಒಂದು ಕ್ರಮ. ಅಲ್ಲಿ ವಿಮರ್ಶಕರ ಮಾತಿನ ಪಕ್ಕದಲ್ಲೇ ಮೊದಲ ಬಾರಿ ನಾಟಕ ನೋಡಿದವರ ಮಾತಿಗೂ ಜಾಗವಿದೆ. ಅಮೆರಿಕದ ಫಿಲಿಪ್ಸ್ ಎಕ್ಸಿಟರ್ ಶಾಲೆಯಲ್ಲಿ 1930ರಿಂದೀಚೆಗೆ ಹನ್ನೆರಡು ಮಕ್ಕಳು ಮೇಷ್ಟ್ರ ಜೊತೆ ಒಂದು ಅಂಡಾಕಾರದ ಮೇಜಿನ ಸುತ್ತ ಕುಳಿತು ಪಾಠ ಮಾಡುವ ಪದ್ಧತಿ ಇದೆ. ಅದಕ್ಕೆ ಧನಿಕರೊಬ್ಬರ ದೊಡ್ಡ ದೇಣಿಗೆ ಬೇಕಾಯಿತು. ನಮ್ಮ ಸರ್ಕಾರಿ ಕಾಲೇಜಿನ ಕೊಠಡಿಯಲ್ಲಿ ಎಂಬತ್ತು ಮಂದಿ ಇರುತ್ತಾರೆ, ಪಾಠ ಮಾಡುವವರು ಎಷ್ಟೋ ಕಡೆ ಅತಿಥಿ ಉಪನ್ಯಾಸಕರು, ಅವರ ಮುಂದಿನ ವರ್ಷದ ಕೆಲಸಕ್ಕೇ ಖಾತ್ರಿಯಿಲ್ಲ. ಇವರಿಂದ ಅಂಥ ಮೇಜಿನ ಚರ್ಚೆ ಕೇಳುವುದು ಅನ್ಯಾಯ.

ಎಂಬತ್ತು ಮಂದಿಯಲ್ಲೂ ಆಗುವಂಥದ್ದನ್ನು ಕೇಳಬಹುದು. ಲೇಖಕರ ಪರಿಚಯದ ಪ್ರಾಜೆಕ್ಟ್ ನಿಲ್ಲಿಸಿ, ಆ ಅಂಕಗಳನ್ನು ಕೈಬರಹದ ಒಂದೇ ಪುಟದ ಓದಿನ ಟಿಪ್ಪಣಿಗೆ ಕೊಡಲಿ. ಕಥೆಯಲ್ಲಿ ಒಪ್ಪಿಗೆಯಾಗದ ಒಂದು ಜಾಗ, ಅರ್ಥವಾಗದ ಒಂದು ಜಾಗ, ಎರಡಕ್ಕೂ ಪುಟ ಸಂಖ್ಯೆ, ಅಷ್ಟೇ ಸಾಕು. ಉಪನ್ಯಾಸಕರು ಎಂಬತ್ತನ್ನೂ ತಿದ್ದಬೇಕಾಗಿಲ್ಲ. ಒಂದಕ್ಕೊಂದು ತಾಳೆಯಾಗದ ನಾಲ್ಕನ್ನು ಆರಿಸಿ ಹೆಸರು ಹೇಳದೆ ಓದಿ, ಒಂದು ಪೀರಿಯಡ್ ತಾವು ಸುಮ್ಮನಿದ್ದು ಕೇಳಲಿ. ಹೀಗೆ ಮಾಡುವ ಉಪನ್ಯಾಸಕರು ಈಗಲೂ ಅಲ್ಲಲ್ಲಿ ಇದ್ದಾರೆ, ಆದರೆ ಅವರು ಸಿಲಬಸ್ ಮುಗಿಸುವ ಅವಸರದಲ್ಲಿ ಕದ್ದ ಸಮಯದಲ್ಲಿ ಮಾಡುತ್ತಿದ್ದಾರೆ. ಪಿಯು ಶಿಕ್ಷಣ ಇಲಾಖೆ ಅದಕ್ಕೆ ವೇಳಾಪಟ್ಟಿಯಲ್ಲೇ ಜಾಗ ಕೊಡಬೇಕು. ಮುಂದಿನ ಬ್ಲೂಪ್ರಿಂಟ್ ಬರೆಯುವವರು ದೀರ್ಘಗದ್ಯದ ಮೇಲೆ ಇಂಥದೊಂದು ಪ್ರಶ್ನೆಗೂ ಅಂಕ ಇಡಲಿ: ‘ಗೌರಿಯ ತಪ್ಪು ಎಷ್ಟು, ಊರಿನ ತಪ್ಪು ಎಷ್ಟು? ಕಥೆಯ ಆಧಾರದಿಂದ ನಿಮ್ಮ ಅಭಿಪ್ರಾಯ ಬರೆಯಿರಿ.’